ಲೀಟರಿಗೆ ಮೂವತ್ತು

ನಮ್ಮ ಕಡೆ ಹೊಸ ಗಾಡಿ ಊರೊಳಗೆ ಬಂತೆಂದರೆ ಅದರ ಬಣ್ಣ ಯಾವುದು, ಯಾರ ಹೆಸರಿನಲ್ಲಿದೆ ಎಂದು ಯಾರೂ ಮೊದಲು ಕೇಳುವುದಿಲ್ಲ. ಚಾದ ಅಂಗಡಿ ಮುಂದೆ ಕೂತವರು ಕಣ್ಣು ಸಣ್ಣದು ಮಾಡಿ ಒಂದೇ ಮಾತು ಕೇಳುತ್ತಾರೆ: "ಎಷ್ಟ ಕೊಡ್ತೈತ್ರಿ?" ಲೀಟರಿಗೆ ಎಷ್ಟು ಕಿಲೋಮೀಟರ್ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಉತ್ತರ ಕೊಡುವವನು ಎರಡು ಮೂರು ಸೇರಿಸಿಯೇ ಹೇಳುತ್ತಾನೆ, ಕೇಳಿದವನು ಎರಡು ಮೂರು ಕಳೆದೇ ನಂಬುತ್ತಾನೆ. ಹೀಗೆ ಇಬ್ಬರಿಗೂ ಸಮಾಧಾನ ಆಗುತ್ತದೆ.

ಕಸ್ತೂರಿ ಹಂಚಿನಾಳಳ ಒಂಬತ್ತು ವರ್ಷ ಹೋದದ್ದು ಈ ಪ್ರಶ್ನೆಗೆ ಉತ್ತರ ಹುಡುಕುವುದರಲ್ಲಿ. ಸೇರಿಸುವುದೂ ಬೇಡ, ಕಳೆಯುವುದೂ ಬೇಡ, ಹೇಳಿದಷ್ಟು ರಸ್ತೆಯ ಮೇಲೆ ಬಂದೇ ಬರಬೇಕು ಎಂಬುದು ಆ ಎಂಜಿನಿಯರಮ್ಮನ ಹಟ. ಇದು ನಡೆದದ್ದು ಪೆಟ್ರೋಲ್ ಬಂಕುಗಳು ವಾರಕ್ಕೆ ಮೂರೇ ದಿನ ತೆರೆಯುತ್ತಿದ್ದ ಕಾಲದಲ್ಲಿ. ಉಳಿದ ದಿನ ಬಂಕಿನ ಅಂಗಳದಲ್ಲಿ ಜನ ಶೇಂಗಾ ಒಣಹಾಕುತ್ತಿದ್ದರು. ಅಂಥ ಕಾಲದಲ್ಲಿ ಹಟ ಹಿಡಿಯುವವರೂ ಬೇಕಲ್ಲ.

ಧಾರವಾಡದ ಹೊರಗಿನ ಕಾರ್ಖಾನೆಯಲ್ಲಿ ಆಕೆ ಮತ್ತು ಆಕೆಯ ಮಂದಿ ಸೇರಿ ಮಾಡಿದ ಆ ಪಿಕಪ್ಪಿಗೆ ಜೋಡೆತ್ತು ಎಂದು ಹೆಸರು. ಹೆಸರಿನಲ್ಲೇ ಅದರ ಯಂತ್ರದ ಗುಟ್ಟೆಲ್ಲ ಇತ್ತು. ಒಂದು ಎತ್ತು ಪೆಟ್ರೋಲ್ ಎಂಜಿನ್, ಇನ್ನೊಂದು ಎತ್ತು ಕರೆಂಟಿನ ಮೋಟರ್, ಎರಡಕ್ಕೂ ನೊಗ ಒಂದೇ. ಇಳಿಜಾರಿನಲ್ಲಿ ಬ್ರೇಕ್ ಒತ್ತಿದರೆ ಗಾಲಿಯ ಓಟವೇ ಕರೆಂಟಾಗಿ ಬ್ಯಾಟರಿಗೆ ಸೇರುತ್ತಿತ್ತು. ಸಪಾಟು ರಸ್ತೆಯಲ್ಲಿ ಎಂಜಿನ್ ತಾನಾಗಿ ಆರುತ್ತಿತ್ತು, ಮೋಟರ್ ಎಳೆಯುತ್ತಿತ್ತು. ಏರು ಬಂದರೆ ಎಂಜಿನ್ ಮತ್ತೆ ಚಾಲೂ. ಹೀಗೆ ಆರಿ ಆರಿ ಹೊತ್ತುವುದರಲ್ಲೇ ಉಳಿತಾಯವೆಲ್ಲ.

ಇಷ್ಟು ಎಲ್ಲರೂ ಮಾಡುತ್ತಾರೆ. ಕಸ್ತೂರಿ ಮಾಡಿದ್ದು ಇದಕ್ಕಿಂತ ಒಂದು ಹೆಜ್ಜೆ ಮುಂದೆ. ಜೋಡೆತ್ತು ಕಲಿಯುತ್ತಿತ್ತು. ಗಾಡಿ ತನ್ನ ಬುದ್ಧಿಯಿಂದ ಒಂದು ವೇಗ ಹಿಡಿಯುವುದು, ಚಾಲಕನ ಕಾಲಿಗೆ ಅದು ಒಪ್ಪಿಗೆಯಾಗದಿದ್ದರೆ ಕಾಲು ಹೇಳಿದ್ದೇ ಅಂತಿಮ. ಆಗ ಗಾಡಿ, ಇಲ್ಲಿ ನಾನು ತಪ್ಪಿದೆ ಎಂದು ಗುರುತು ಹಾಕಿಕೊಳ್ಳುವುದು. ಸಂಜೆಗೆ ಎಲ್ಲ ಗಾಡಿಗಳೂ ಆ ದಿನ ಕಲಿತದ್ದನ್ನು ಧಾರವಾಡಕ್ಕೆ ಕಳಿಸುತ್ತಿದ್ದವು. ಬೆಳಗಾದರೆ ಎಲ್ಲರ ಪಾಠ ಸೇರಿ ಒಂದಾಗಿ ಎಲ್ಲ ಗಾಡಿಗಳಿಗೂ ಹಿಂದಿರುಗುತ್ತಿತ್ತು. ಬೀದರಿನ ಗಾಡಿ ಸೋಮವಾರ ಕಲಿತದ್ದು ಮಂಗಳವಾರ ಚಾಮರಾಜನಗರದ ಗಾಡಿಗೆ ಗೊತ್ತು.

ಕಾರ್ಖಾನೆಯ ಎರಡನೇ ಮಹಡಿಯಲ್ಲಿ ಒಂದು ತಣ್ಣನೆಯ ಕೋಣೆ. ಅದರ ಗೋಡೆ ತುಂಬ ನಾಡಿನ ನಕಾಶೆ. ರಸ್ತೆಯ ಮೇಲಿದ್ದ ಒಂದೊಂದು ಜೋಡೆತ್ತಿಗೂ ಒಂದೊಂದು ಹಸಿರು ಚುಕ್ಕೆ. ಹತ್ತು ಹನ್ನೊಂದು ಸಾವಿರ ಚುಕ್ಕೆಗಳು ಸದ್ದಿಲ್ಲದೆ ಹರಿದಾಡುವುದನ್ನು ನೋಡುತ್ತ ಕೂತರೆ ಯಾರಿಗಾದರೂ ಜೊಂಪು ಹತ್ತಬೇಕು. ಕಸ್ತೂರಿಗೆ ಮಾತ್ರ ಹತ್ತುತ್ತಿರಲಿಲ್ಲ. ಆಕೆಯ ಕಣ್ಣು ನಕಾಶೆಯ ಮೇಲಿನ ಒಂದು ಅಂಕಿಯ ಮೇಲೆ. ಎಲ್ಲ ಗಾಡಿಗಳ ಸರಾಸರಿ ಮೈಲೇಜು ಅದು. ಮಳೆಗಾಲ ಮುಗಿಯುವಾಗ ಮೂವತ್ತು ದಾಟಿ ನಿಂತಿತ್ತು. ದೀಪಾವಳಿಗೆ ಇಪ್ಪತ್ತೊಂಬತ್ತಾಯಿತು. ಸಂಕ್ರಾಂತಿ ಹೊತ್ತಿಗೆ ಇಪ್ಪತ್ತೆಂಟಕ್ಕೆ ಬಂದು ಕೂತಿತ್ತು.

ಕಲಿಯುವ ಗಾಡಿ ದಿನದಿನಕ್ಕೆ ಜಾಣ ಆಗಬೇಕು. ಇದು ದಿನದಿನಕ್ಕೆ ದಡ್ಡ ಆಗುತ್ತಿತ್ತು. ಯಾಕೆ ಎಂದು ಯಾರಿಗೂ ತಿಳಿಯಲೊಲ್ಲದು.

ಮುಂಬಯಿಯಿಂದ ಮೆಣಸಿನಕಾಯಿ ಸಾಹೇಬರ ಫೋನು ಬಂತು. ಅವರು ಕಂಪನಿಯ ಮುಖ್ಯಸ್ಥರು, ಹುಬ್ಬಳ್ಳಿಯ ಮನುಷ್ಯ, ಅಡ್ಡಹೆಸರಿಗೆ ಸರಿಯಾಗಿ ಮಾತೂ ಖಾರ.

"ಕಸ್ತೂರಿಯವರ, ಲೀಟರಿಗೆ ಮೂವತ್ತು ಅಂತ ಮಂದಿಗೆ ಮಾತು ಕೊಟ್ಟೇವಿ. ಯುಗಾದಿ ಮುಗಿದ ಮ್ಯಾಲ ನಾನ ಬರ್ತೇನಿ. ನಾನ ಗಾಡ್ಯಾಗ ಕೂಡ್ತೇನಿ. ಮೂವತ್ತು ಬಂತೋ, ಎರಡನೇ ಕಾರ್ಖಾನಿಗೆ ಅಲ್ಲೇ ಸಹಿ. ಬರಲಿಲ್ಲೋ, ಜೋಡೆತ್ತು ಬಂದ್."

"ಬಂದ್ ಅಂದ್ರ, ಸರ್?"

"ಬಂದ್ ಅಂದ್ರ ಬಂದ್. ಅಲ್ಲಿ ಕೆಲಸ ಮಾಡೋ ಮಂದಿಗೆ ನೀವ ಹೇಳಬೇಕಾಗ್ತದ."

ಕಸ್ತೂರಿ ಫೋನಿಟ್ಟಳು. ಒಂಬತ್ತು ವರ್ಷ ಹೊತ್ತು ಹೆತ್ತು ನಡೆಯಲು ಕಲಿಸಿದ ಗಾಡಿ. ಕೆಳಗೆ ಶೆಡ್ಡಿನಲ್ಲಿ ಗಾಲಿ ಜೋಡಿಸುವವರು ಯಾವುದೋ ಹಾಡು ಗುನುಗುತ್ತಿದ್ದದ್ದು ಕೇಳುತ್ತಿತ್ತು. ಆಕೆ ಕಿಟಕಿ ಮುಚ್ಚಿದಳು.

ಕಸ್ತೂರಿಯ ಗಂಡ ಶಂಭುಲಿಂಗ ಹಳೇ ಬಸ್‌ಸ್ಟ್ಯಾಂಡಿನ ಹಿಂದೆ ಖಾನಾವಳಿ ಇಟ್ಟಿದ್ದ. ಊಟದ ಗದ್ದಲ ಇಳಿದ ಮೇಲೆ ಹೆಂಡತಿ ಬಂದು ಮೂಲೆಯ ಟೇಬಲ್ಲಿಗೆ ಕೂಡುವುದು, ಇವನು ತಾನೇ ಬಡಿಸುವುದು ರೂಢಿ. ಅವತ್ತು ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಮುಂದಿಟ್ಟರೂ ಆಕೆಯ ಕೈ ತಟ್ಟೆಗೆ ಹೋಗಲಿಲ್ಲ.

"ನಿನ್ನೆ ರಾತ್ರಿನೂ ನಿದ್ದಿ ಬರಲಿಲ್ಲೇನು?" ಎಂದ ಶಂಭು.

"ಅದು ನನ್ನ ಮರತ ಬಿಟ್ಟೈತ್ರಿ. ಕಣ್ಣು ಮುಚ್ಚಿದ್ರ ಆ ಅಂಕಿನ ಕಾಣ್ತೈತಿ."

ಇದು ಎರಡು ವರ್ಷದ ಕಥೆ. ಗಸಗಸೆ ಹಾಲು ಆಯಿತು, ನೆತ್ತಿಗೆ ಔಡಲೆಣ್ಣೆ ಆಯಿತು, ಡಾಕ್ಟರ ಗುಳಿಗೆಯೂ ಆಯಿತು. ನಿದ್ದೆ ಅಂಗಳಕ್ಕೆ ಬಂದು ಚಪ್ಪಲಿ ಬಿಡದೆ ಹಾಗೇ ತಿರುಗಿ ಹೋಗುತ್ತಿತ್ತು. ಕಣ್ಣ ಕೆಳಗೆ ಕಪ್ಪು ಕೂತು ಮುಖವೆಲ್ಲ ಬಾಡಿತ್ತು. ಶಂಭುವಿಗೆ ಹೆಂಡತಿಯನ್ನು ನೋಡಿದರೆ ಕರುಳು ಚುರುಕ್ ಎನ್ನುತ್ತಿತ್ತು, ಆದರೆ ಹಾಗೆಂದು ಬಾಯಿಬಿಟ್ಟು ಹೇಳುವ ಜಾತಿಯಲ್ಲ ಅವನು. ಇನ್ನೊಂದು ಚಮಚ ಬೆಣ್ಣೆ ಹಾಕುತ್ತಿದ್ದ.

"ಕೋಣ್ಯಾಗ ಕೂತು ಚುಕ್ಕಿ ನೋಡಿದ್ರ ಏನು ತಿಳೀತದ?" ಎಂದ. "ಗಾಡ್ಯಾಗ ಕೂತು ನೋಡು."

ಮಾತು ಆಕೆಗೆ ಹಿಡಿಸಿತು.

ಮರುದಿನವೇ ಆಕೆ ಗುರುಸಿದ್ದಪ್ಪನ ಗಾಡಿ ಹತ್ತಿದಳು. ಗುರುಸಿದ್ದಪ್ಪ ಕಾರ್ಖಾನೆಯ ಹಿರಿಯ ಚಾಲಕ, ನಿವೃತ್ತಿಗೆ ಹತ್ತಿರವಾದವನು. ಜೋಡೆತ್ತು ಇನ್ನೂ ಹೆಸರಿಲ್ಲದ ಕೂಸಾಗಿದ್ದಾಗ ಅದನ್ನು ಮೊದಲು ರಸ್ತೆಗಿಳಿಸಿ ಪಾಠ ಹೇಳಿದವನೇ ಅವನು. ಆಗಿನ ನಿಯಮ ಬಹಳ ಕಟ್ಟುನಿಟ್ಟು. ಗಾಡಿಯಲ್ಲಿ ಚಾಲಕನ ಹೊರತು ನರಪಿಳ್ಳೆ ಇರಕೂಡದು, ಪಕ್ಕದ ಸೀಟಿನಲ್ಲಿ ಮನುಷ್ಯನ ತೂಕದ ಮರಳಿನ ಚೀಲ ಇರಬೇಕು. ಈಗ ಆ ಚೀಲದ ಜಾಗದಲ್ಲಿ ಕಸ್ತೂರಿ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟು ಕೂತಳು. ಹಿಂದೆ ತೊಟ್ಟಿಯಲ್ಲಿ ಒಂದು ಟನ್ ಭಾರ. ದಾರಿ ಯಾವಾಗಿನದೇ, ಧಾರವಾಡದಿಂದ ಸವದತ್ತಿ ದಾಟಿ ಯರಗಟ್ಟಿಗೆ ಹೋಗಿ ತಿರುಗಿ ಬರುವುದು.

ಛಳಿಗಾಲದ ಬೆಳಗು. ಎರಡೂ ಕಡೆ ಕರಿಮಣ್ಣಿನ ಹೊಲ, ಹೊಲದ ತುಂಬ ಕಡಲೆ, ನಡುನಡುವೆ ಕುಸುಬಿಯ ಹಳದಿ ಹೂವು. ದೂರದ ಗುಡ್ಡದ ಮೇಲೆ ಗಾಳಿಯಂತ್ರಗಳು ಯಾವ ಅವಸರವೂ ಇಲ್ಲದೆ ತಿರುಗುತ್ತಿದ್ದವು. ಬಿಸಿಲು ಗಾಜಿನಿಂದ ಇಳಿದು ಆಕೆಯ ಮಡಿಲಲ್ಲಿ ಕೂತಿತು. ಎಂಜಿನ್ ಆರಿತು, ಹೊತ್ತಿತು, ಆರಿತು. ಮೂವತ್ತೊಂದು ಎಂದು ತೋರಿಸುತ್ತಿತ್ತು ಪರದೆ. ಮಲಪ್ರಭೆಯ ಹಿನ್ನೀರು ಎಡಗಡೆ ಒಂದು ಉದ್ದನೆಯ ಬೆಳಕಾಗಿ ಕಂಡದ್ದು ಆಕೆಗೆ ನೆನಪು. ಆಮೇಲೆ ಏನೂ ನೆನಪಿಲ್ಲ.

"ಮೇಡಮ್ಮಾರ, ಯರಗಟ್ಟಿ ಬಂತ್ರಿ."

ಕಸ್ತೂರಿ ದಡಬಡಿಸಿ ಎದ್ದಳು. ಲ್ಯಾಪ್‌ಟಾಪ್ ಕಾಲ ಬಳಿ ಬಿದ್ದಿತ್ತು. ಪರದೆಯ ಮೇಲೆ ಇಪ್ಪತ್ತೇಳು.

"ಯಾವಾಗ ಇಳೀತು ಇದು?"

"ನಾ ರಸ್ತೆ ನೋಡ್ತಿದ್ನಿರಿ. ನಿಮಗ ನಿದ್ದಿ ಹತ್ತಿತ್ರಿ."

ನಾಚಿಕೆಯಿಂದ ಮುಖ ತೊಳೆದು, ಬಾಯಲ್ಲಿ ಲವಂಗ ಇಟ್ಟುಕೊಂಡು, ಬರುವಾಗ ರೆಪ್ಪೆ ಬಡಿಯದೆ ಕೂತಳು. ದಾರಿಯುದ್ದಕ್ಕೂ ಮೂವತ್ತೊಂದು. ಹಾಗಾದರೆ ಹೋಗುವಾಗ ಏನಾಯಿತು? ಮರುದಿನ ಮತ್ತೆ ಹೊರಟಳು. ಮತ್ತೆ ಹಿನ್ನೀರು ಕಂಡಿತು, ಮತ್ತೆ ಕಣ್ಣು ಮುಚ್ಚಿತು, ಮತ್ತೆ ಇಪ್ಪತ್ತೇಳು. ಕಳ್ಳನನ್ನು ಹಿಡಿಯಲು ಕೂತವಳು ಕಳ್ಳ ಬರುವ ಹೊತ್ತಿಗೆ ಸರಿಯಾಗಿ ಗೊರಕೆ ಹೊಡೆಯುವುದೆಂದರೆ! ಎರಡು ವರ್ಷ ಹಾಸಿಗೆಯಲ್ಲಿ ಬಾರದ ನಿದ್ದೆ ಈ ಗಾಡಿಯಲ್ಲಿ ಯಾಕೆ ಕಾದು ಕೂತಿರುತ್ತದೆ ಎಂದು ಆಕೆಗೆ ಸಿಟ್ಟು ಬಂತು, ಆದರೆ ಆ ನಿದ್ದೆಯ ಸವಿ ನಾಲಿಗೆಯ ಮೇಲೆ ಬೆಲ್ಲದ ಹಾಗೆ ಉಳಿದಿತ್ತು.

ಕೋಣೆಗೆ ಬಂದು ಎರಡೂ ದಿನದ ಅಂಕಿಗಳನ್ನು ಒಂದರ ಪಕ್ಕ ಒಂದಿಟ್ಟಳು. ಭಾರ ಎಷ್ಟಿದೆ ಎಂದು ತಿಳಿಯಲು ಜೋಡೆತ್ತಿನ ಸೀಟಿನ ಕೆಳಗೆ ತೂಕ ಹಿಡಿಯುವ ಸಾಧನ ಇಟ್ಟಿದ್ದರು. ಅದು ಎಷ್ಟು ಸೂಕ್ಷ್ಮ ಎಂದರೆ ಕೂತವರ ಉಸಿರಾಟವೂ ಅದಕ್ಕೆ ತಿಳಿಯುತ್ತಿತ್ತು. ಎಚ್ಚರಿದ್ದವರು ತಿರುವಿನಲ್ಲಿ ಮೈ ಬಿಗಿ ಹಿಡಿಯುತ್ತಾರೆ, ಮಲಗಿದವರು ಗಾಡಿ ವಾಲಿದ ಕಡೆ ತಾವೂ ವಾಲುತ್ತಾರೆ, ಉಸಿರು ನಿಧಾನ ಆಗುತ್ತದೆ. ಪರದೆಯ ಮೇಲಿನ ಗೆರೆಯಲ್ಲಿ ತಾನು ನಿದ್ದೆಗಿಳಿದ ಗಳಿಗೆ ಆಕೆಗೆ ಸ್ಪಷ್ಟ ಕಂಡಿತು. ಅದೇ ಗಳಿಗೆಯಿಂದ ಗಾಡಿಯ ನಡೆ ಬೇರೆಯಾಗಿತ್ತು. ಎಂಜಿನ್ ಆರಲೇ ಇಲ್ಲ, ಯಾಕೆಂದರೆ ಆರಿ ಮತ್ತೆ ಹೊತ್ತುವಾಗ ಸಣ್ಣ ಜಗ್ಗು ಇರುತ್ತದೆ. ಬ್ರೇಕು ಬಿಗಿಯಾಗಿ ಬೀಳಲಿಲ್ಲ. ತಗ್ಗು ಬಂದಲ್ಲೆಲ್ಲ ಮೊದಲೇ ವೇಗ ಇಳಿದಿತ್ತು. ಇಷ್ಟಕ್ಕೆಲ್ಲ ಪೆಟ್ರೋಲು ಹೋಗಿತ್ತು.

ಗಾಡಿ ಆಕೆಯನ್ನು ಮಲಗಗೊಟ್ಟಿತ್ತು.

ಕಸ್ತೂರಿ ಕುರ್ಚಿ ಬಿಟ್ಟು ಎದ್ದಳು. ನಕಾಶೆಯ ಕಡೆ ತಿರುಗಿ, ಈ ಹೊತ್ತಿನಲ್ಲಿ ಹೀಗೆ ಮೆತ್ತಗೆ ಹೋಗುತ್ತಿರುವ ಗಾಡಿಗಳನ್ನಷ್ಟೇ ತೋರಿಸು ಎಂದಳು. ಸಾವಿರಾರು ಚುಕ್ಕೆಗಳು ಉಳಿದವು. ಸಂತೆ ಮುಗಿಸಿ ಹೊರಟ ಹೆಂಗಸರು, ಕಬ್ಬು ಕಡಿದು ದಣಿದವರು, ತಾಯಿ ತೊಡೆಯ ಮೇಲಿನ ಕೂಸುಗಳು. ನಾಡಿನ ತುಂಬ ಜನ ಗಾಡಿಯಲ್ಲಿ ಮಲಗಿದ್ದರು, ಗಾಡಿಗಳು ಸದ್ದು ಮಾಡದೆ ನಡೆಯುತ್ತಿದ್ದವು. ಆಕೆ ಎಷ್ಟೋ ಹೊತ್ತು ಹಾಗೇ ನೋಡುತ್ತ ನಿಂತಳು.

ಆದರೆ ಮರಳಿನ ಚೀಲಗಳ ಜೊತೆ ಬೆಳೆದ ಗಾಡಿಗೆ ಇದನ್ನು ಕಲಿಸಿದವರು ಯಾರು? ಗುರುಸಿದ್ದಪ್ಪನನ್ನು ಕರೆಸಿದಳು.

"ಕಾಕಾ, ಮೊದಲಿನ ಗಾಡ್ಯಾಗ ಯಾರನ್ನರ ಕೂಡಿಸಿಕೊಂಡಿದ್ರೇನು?"

ಗುರುಸಿದ್ದಪ್ಪ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಸುಳ್ಳು ಹೇಳಲು ಬಾಯಿ ತೆರೆದು, ಅದು ತನಗೆ ಬರುವುದಿಲ್ಲ ಎಂದು ತಿಳಿದು ಮುಚ್ಚಿದ.

"ಒಮ್ಮೆ ಒಬ್ಬಾಕಿನ್ನ ಕೂಡಿಸಿಕೊಂಡಿದ್ನಿರಿ. ನನ್ನ ಮಗಳು ಅನ್ನಪೂರ್ಣಿ. ಯರಗಟ್ಟಿ ಕಡೆ ಕೊಟ್ಟೇವಿ. ಚೊಚ್ಚಲ ಬಸುರಿ. ಬಾಣಂತನಕ್ಕ ತವರಿಗೆ ಕರ್ಕೊಂಡು ಬರಬೇಕಾಗಿತ್ತು. ತುಂಬಿದ ಬಸುರಿನ್ನ ಆ ಬಸ್ಸಿನ ಕುಲುಕಾಟದಾಗ ಹ್ಯಾಂಗ ತರ್ಲಿರಿ? ಗಾಡಿ ಆ ದಾರಿಗೇ ಹೋಗ್ತಿತ್ತು. ಬೀಗರ ಅಂಗಳದಾಗ ಮರಳಿನ ಚೀಲ ಇಳಿಸಿ ಆಕಿನ್ನ ಕೂಡಿಸಿದೆ. ಉಡಿ ತುಂಬಿದ ಅಕ್ಕಿ, ಕೊಬ್ಬರಿ ಎಲ್ಲ ಸೇರಿ ತೂಕ ಸರಿಹೋತು, ಯಾರಿಗೂ ತಿಳೀಲಿಲ್ಲ."

"ಮಲಗಿದ್ಲೇನು?"

"ಊರು ದಾಟೂದ್ರಾಗ ಆಕಿಗೆ ನಿದ್ದಿ ಹತ್ತಿತು. ಸಣ್ಣಾಕಿ ಇದ್ದಾಗ ಮಲಗ್ತಿದ್ಲಲ್ಲ, ಹಂಗ ಬಾಯಿ ತಕ್ಕೊಂಡು. ಈ ಎಂಜಿನ್ ಒಂದು ಸವನ ಜಗ್ಗಾಕತ್ತಿತ್ತು. ನನಗ ಗಾಡಿ ಮ್ಯಾಲ ಸಿಟ್ಟು ಬಂತ್ರಿ. ಆರಾಕ ಬಿಡಲಿಲ್ಲ, ಓಡಾಕ ಬಿಡಲಿಲ್ಲ. ಧಾರವಾಡದ ತನಕ ಕಾಲಲೆ ತಡಕೊಂಡ ಬಂದೆ."

ಕಸ್ತೂರಿಗೆ ಎಲ್ಲ ಬಗೆಹರಿಯಿತು. ಪಕ್ಕದ ಸೀಟಿನಲ್ಲಿ ಉಸಿರಾಡುವ ಮನುಷ್ಯರು ಕೂತದ್ದು ಆ ಗಾಡಿಗೆ ಅವತ್ತೇ ಮೊದಲು. ಕಾಲು ಒಂದು ಸಲವೂ ಒಪ್ಪದ ದಾರಿಯೂ ಅದೊಂದೇ. ಪಾಠ ತಳಕ್ಕೆ ಹೋಗಿ ಕೂತಿತು. ಆಮೇಲೆ ಗಾಡಿಗಳು ಊರೂರಿಗೆ ಹೋದವು. ಯಾರೋ ಮಲಗಿದರು, ಗಾಡಿ ಮೆತ್ತಗಾಯಿತು, ಯಾವ ಚಾಲಕನ ಕಾಲೂ ಬೇಡ ಅನ್ನಲಿಲ್ಲ. ದಿನದಿನಕ್ಕೆ ಪಾಠ ಗಟ್ಟಿಯಾಗುತ್ತ ಬಂತು.

"ನನ್ನ ನೌಕರಿ ಹೋಗ್ತೈತೇನ್ರಿ?" ಎಂದ ಗುರುಸಿದ್ದಪ್ಪ.

"ನಿಮ್ಮ ಹೆಸರು ಎಲ್ಲೂ ಬರೂದಿಲ್ಲ ಕಾಕಾ. ಮೊಮ್ಮಗಳೋ ಮೊಮ್ಮಗನೋ?"

"ಮೊಮ್ಮಗಳ್ರಿ. ಮಹಾ ಗಟ್ಟಿಗಿತ್ತಿ," ಎಂದು ಅವನು ಟೋಪಿ ಹಾಕಿಕೊಂಡ.

ಮೆಣಸಿನಕಾಯಿ ಸಾಹೇಬರಿಗೆ ಆಕೆ ಕಾರಣ ಹೇಳಿದಳು, ಕಾರಣರಾದವರನ್ನು ಹೇಳಲಿಲ್ಲ. ಅತ್ತ ಕಡೆಯಿಂದ ಬಂದದ್ದು ಒಂದೇ ಮಾತು. "ಮಂದಿ ಮಲಗಲಿ ಅಂತ ನಾವು ಗಾಡಿ ಮಾಡಿಲ್ಲ. ತಗೀರಿ ಅದನ್ನ."

ಎದುರಾಡಬಹುದಿತ್ತು. ಆದರೆ ಕೆಳಗೆ ಶೆಡ್ಡಿನ ಮಂದಿ, ಮೇಲೆ ಆ ಅಂಕಿ. ಊಟದ ಹೊತ್ತಿಗೆ ಕೋಣೆ ಖಾಲಿಯಾದಾಗ ಕಸ್ತೂರಿ ಒಬ್ಬಳೇ ಕೂತು ಆ ಪಾಠವನ್ನು ಹುಡುಕಿ ಅಳಿಸಿದಳು. ಬೆರಳು ಒತ್ತಿದ್ದಷ್ಟೇ ಕೆಲಸ. ಮಲಗಿದ ಕೂಸನ್ನು ಕೈಯಾರೆ ಬಡಿದೆಬ್ಬಿಸಿದ ಹಾಗೆ ಎದೆ ಚುಚ್ಚಿತು. ತಾನು ಎಲ್ಲಿಯಾದರೂ ಮಲಗಬಹುದಾಗಿದ್ದ ಒಂದೇ ಒಂದು ಜಾಗವನ್ನೂ ಕಳೆದುಕೊಂಡೆ ಎನ್ನುವುದೂ ಗೊತ್ತಿತ್ತು. ವಾರದಲ್ಲಿ ಅಂಕಿ ಮೂವತ್ತು ದಾಟಿತು. ಶೆಡ್ಡಿನಲ್ಲಿ ಪೇಢೆ ಹಂಚಿದರು. ಆಕೆಗೆ ಕೊಟ್ಟ ಪೇಢೆ ಮೇಜಿನ ಮೇಲೇ ಒಣಗಿತು.

ಖಾನಾವಳಿಯಲ್ಲಿ ಶಂಭುವಿನ ದೂರು ಬೇರೆಯೇ ಇತ್ತು. ಅವನಲ್ಲೂ ಒಂದು ಜೋಡೆತ್ತಿತ್ತು. ಬೆಳಗ್ಗೆ ಹಳ್ಳಿಗೆ ಹೋಗಿ ತರಕಾರಿ ಹೇರಿಕೊಂಡು ರೊಟ್ಟಿ ಬಡಿಯುವ ಮೂವರು ಹೆಂಗಸರನ್ನೂ ಕರೆತರುತ್ತಿದ್ದ.

"ನಿನ್ನ ಗಾಡಿಗೆ ಏನಾಗೇದ? ಭಾಳ ಒರಟಾಗೇದ. ಆ ಹೆಣ್ಮಕ್ಕಳು ನಸುಕಿನ್ಯಾಗ ಎದ್ದು, ಮನಿ ಕೆಲಸ ಎಲ್ಲ ಮುಗಿಸಿ ಗಾಡಿ ಹತ್ತತಾರ. ದಾರ್ಯಾಗ ಒಂದು ಜೊಂಪು ತಗೀತಿದ್ರು. ಈಗ ಅದೂ ಇಲ್ಲ. ಬಂದ ಕೂಡ್ಲೇ ಒಬ್ಬರಿಗೊಬ್ಬರು ಜಗಳ. ರೊಟ್ಟಿ ನೋಡು, ಎಷ್ಟು ದಪ್ಪ ಬಡದಾರ."

ಕಸ್ತೂರಿ ರೊಟ್ಟಿ ಮುರಿದಳು. ಹೌದು, ದಪ್ಪ ಇತ್ತು.

"ಮೈಲೇಜು ಮೂವತ್ತು ಬರ್ತದಲ್ಲ," ಎಂದಳು, ತನ್ನ ದನಿ ತನಗೇ ಕೇಳದ ಹಾಗೆ.

"ಬರ್ತದ. ಅದನ್ನ ರೊಟ್ಟಿಗೆ ಹಚ್ಚಿಕೊಂಡು ತಿನ್ನೂಣೇನು? ನಾ ಅಂತೂ ಕಾಲಲೆ ತಡಕೋತ ಬರ್ತೇನಿ, ಆದಷ್ಟು."

ಆಕೆ ಆ ದಪ್ಪ ರೊಟ್ಟಿಯನ್ನೇ ಮುರಿದು ತಿಂದಳು. ಯುಗಾದಿ ಹತ್ತಿರ ಬಂತು. ಗೋಡೆಯ ಮೇಲಿನ ಅಂಕಿ ಕೆಲವು ದಿನದಿಂದ ಮತ್ತೆ ಒಂದೊಂದು ಕೂದಲೆಳೆ ಇಳಿಯುತ್ತಿತ್ತು. ಬೇಸಿಗೆ ಬಂತು, ಎಲ್ಲರೂ ಏಸಿ ಹಾಕುತ್ತಾರೆ, ಅದಕ್ಕಿರಬೇಕು ಎಂದುಕೊಂಡಳು.

ಮೆಣಸಿನಕಾಯಿ ಸಾಹೇಬರು ಹೇಳಿದ ಹಾಗೆ ಬಂದರು. ಇಡೀ ರಾತ್ರಿ ರೈಲಿನಲ್ಲಿ ಕೂತು ಬಂದ ಮನುಷ್ಯ. ಇಸ್ತ್ರಿ ಮಾಡಿದ ಅಂಗಿ, ಕೆಂಪಗಾದ ಕಣ್ಣು. ಚಾ ಕೂಡ ಕುಡಿಯದೆ ನೇರ ಗಾಡಿಯ ಹತ್ತಿರ ನಡೆದರು.

"ನೀವ ಓಡಸ್ರಿ," ಎಂದರು ಕಸ್ತೂರಿಗೆ. "ಮಾಡಿದವರ ಕೈಯಾಗ ನೋಡೂಣು."

ಹೋಗುವಾಗ ಮಾತೇ ಮಾತು. ಬ್ಯಾಟರಿ ಎಷ್ಟು ವರ್ಷ ಬಾಳುತ್ತದೆ, ಬೇರೆ ಕಂಪನಿಯವರು ಏನು ಮಾಡುತ್ತಿದ್ದಾರೆ, ಹೊಸ ಕಾರ್ಖಾನೆಗೆ ಜಾಗ ಎಲ್ಲಿ. ಯರಗಟ್ಟಿ ಮುಟ್ಟಿದಾಗ ಪರದೆ ಮೂವತ್ತೊಂದು ಎನ್ನುತ್ತಿತ್ತು. ಸಾಹೇಬರು ಮೊದಲ ಸಲ ನಕ್ಕರು. ಅಲ್ಲೇ ಒಂದು ಅಂಗಡಿಯಲ್ಲಿ ರೊಟ್ಟಿ, ಝುಣಕ, ಗಟ್ಟಿ ಮೊಸರು ಉಂಡರು. ಬೆವರು ಒರೆಸಿಕೊಂಡು ಮತ್ತೆ ಗಾಡಿ ಹತ್ತಿದರು.

ಹೊರಗೆ ಚೈತ್ರದ ಮಧ್ಯಾಹ್ನ. ಕಟಾವು ಮುಗಿದ ಹೊಲಗಳು ಬಿಸಿಲಿನಲ್ಲಿ ಅಲುಗುತ್ತಿದ್ದವು. ಬೇವಿನ ಮರಗಳಷ್ಟೇ ಹಸಿರು. ಸವದತ್ತಿ ಹತ್ತಿರ ಬಂದಾಗ ಸಾಹೇಬರು ಯಾವುದೋ ಮಾತನ್ನು ಅರ್ಧ ಆಡಿ ಬಿಟ್ಟರು. ಕಸ್ತೂರಿ ತಿರುಗಿ ನೋಡಿದಳು. ಅವರ ತಲೆ ಗಾಜಿನ ಕಡೆ ವಾಲಿತ್ತು, ಬಾಯಿ ತುಸು ತೆರೆದಿತ್ತು.

ಆಗ ಗಾಡಿಯ ನಡೆ ಬದಲಾಯಿತು.

ಮೊದಲು ಆಕೆ ನಂಬಲಿಲ್ಲ. ಆರಬೇಕಾದ ಎಂಜಿನ್ ಆರಲಿಲ್ಲ, ತೊಟ್ಟಿಲು ತೂಗುವವರ ಹಾಡಿನ ಹಾಗೆ ಸಣ್ಣಗೆ ಗುಂಯ್ಗುಡುತ್ತ ಉಳಿಯಿತು. ಮುಂದಿನ ತಗ್ಗಿಗೆ ಇನ್ನೂ ಹತ್ತಾರು ಮಾರು ದೂರ ಇರುವಾಗಲೇ ವೇಗ ಇಳಿಯಿತು. ಗಾಡಿ ತಗ್ಗಿನೊಳಗೆ ಇಳಿದು ಮೇಲೆ ಬಂದದ್ದು ತಿಳಿಯಲೇ ಇಲ್ಲ. ನಾನು ಅಳಿಸಿದ್ದೆನಲ್ಲ, ಎಂದುಕೊಂಡಳು. ಈ ಕೈಯಿಂದಲೇ ಅಳಿಸಿದ್ದೆ.

ಮರುಕ್ಷಣ ತಿಳಿಯಿತು. ಅಳಿಸಿದ್ದು ಪಾಠವನ್ನು, ಕಲಿಯುವುದನ್ನಲ್ಲ. ಶಂಭು ಕಾಲಿನಿಂದ ತಡೆಯುತ್ತ ಬಂದಿದ್ದ. ಅವನೊಬ್ಬನೇ ಏನು, ಪಕ್ಕದಲ್ಲಿ ಯಾರೋ ಮಲಗಿದ್ದಾಗ ಗಾಡಿ ಜಗ್ಗಿದರೆ ಯಾವ ಚಾಲಕ ಸುಮ್ಮನಿರುತ್ತಾನೆ? ಹೆಂಡತಿ ಮಲಗಿದ್ದಾಳೆ, ಅಪ್ಪ ಮಲಗಿದ್ದಾನೆ, ಹೆಸರೂ ಗೊತ್ತಿಲ್ಲದ ಕೂಲಿಯವಳು ಮಲಗಿದ್ದಾಳೆ. ಊರೂರಿನಲ್ಲಿ ಸಾವಿರಾರು ಕಾಲುಗಳು ಒಬ್ಬರಿಗೊಬ್ಬರು ಹೇಳಿಕೊಳ್ಳದೆ ಅದೇ ಪಾಠವನ್ನು ಮತ್ತೆ ಮೊದಲಿನಿಂದ ಹೇಳಿಕೊಟ್ಟಿದ್ದವು. ಕಸ್ತೂರಿಯ ಕಣ್ಣು ತುಂಬಿ ರಸ್ತೆ ಮಸುಕಾಯಿತು. ಗಾಡಿಗೆ ಅದೂ ತಿಳಿಯಿತೋ ಏನೋ, ಇನ್ನಷ್ಟು ನಿಧಾನ ಆಯಿತು.

ಪರದೆಯ ಮೇಲೆ ಅಂಕಿ ಇಳಿಯತೊಡಗಿತು. ಮೂವತ್ತು ಚಿಲ್ಲರೆ. ಮೂವತ್ತು. ಇನ್ನೂ ಅರ್ಧ ದಾರಿಗೂ ಹೆಚ್ಚು ಸಪಾಟು ರಸ್ತೆ ಮುಂದಿತ್ತು.

ಆಕೆ ಮಾಡಬೇಕಾದದ್ದು ಇಷ್ಟೇ. ಕಾಲು ಒಂದು ಸಲ ಬಿಗಿಯಾಗಿ ಒತ್ತುವುದು. ಈ ಮೆತ್ತನೆಯ ನಡೆ ಬೇಡ ಎಂದರೆ ಗಾಡಿ ಕೇಳುತ್ತದೆ, ಉಳಿತಾಯದ ನಡೆಗೆ ಮರಳುತ್ತದೆ. ಎಂಜಿನ್ ಆರುತ್ತದೆ, ಹೊತ್ತುತ್ತದೆ, ಮೂವತ್ತು ಉಳಿಯುತ್ತದೆ, ಸಹಿ ಬೀಳುತ್ತದೆ. ಪಕ್ಕದವರು ಎಚ್ಚರಾಗುತ್ತಾರೆ, ಆಗಲಿ, ಅವರದೇ ಕಂಪನಿ. ಕಸ್ತೂರಿ ಕಾಲನ್ನು ಪೆಡಲಿನ ಮೇಲಿಟ್ಟಳು. ಶೆಡ್ಡಿನ ಮಂದಿಯ ಮುಖಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು.

ಮತ್ತೊಮ್ಮೆ ಪಕ್ಕಕ್ಕೆ ನೋಡಿದಳು. ಖಾರದ ಮಾತಿನ ಆ ದೊಡ್ಡ ಮನುಷ್ಯನ ಹಣೆಯ ಗೆರೆಗಳೆಲ್ಲ ಅಳಿಸಿಹೋಗಿದ್ದವು. ಕಣ್ಣ ಕೆಳಗೆ ತನ್ನಂಥದೇ ಕಪ್ಪು. ಎಷ್ಟು ದಿನದ ಉಪವಾಸವೋ ಈ ನಿದ್ದೆಗೆ. ನಿದ್ದೆಗೆಟ್ಟವರ ಹಸಿವು ನಿದ್ದೆಗೆಟ್ಟವರಿಗೇ ಗೊತ್ತು. ಉಣ್ಣುತ್ತಿದ್ದವರ ಮುಂದಿನ ತಟ್ಟೆ ಎಳೆದುಕೊಳ್ಳಲು ಆಕೆಯ ಕೈಲಾಗಲಿಲ್ಲ.

ಕಾಲು ಹಿಂದೆ ತೆಗೆದಳು.

ಆಮೇಲೆ ಯಾವ ಆತುರವೂ ಉಳಿಯಲಿಲ್ಲ. ಹಿನ್ನೀರಿನ ಬೆಳಕು ಬಂದು ಜೊತೆಗೆ ಬಹಳ ದೂರ ನಡೆಯಿತು. ಕುರಿಮಂದೆಯೊಂದು ರಸ್ತೆ ದಾಟಿತು, ಗಾಡಿ ತಾಳ್ಮೆಯಿಂದ ನಿಂತು ಮತ್ತೆ ಹೊರಟಿತು. ಒಂಬತ್ತು ವರ್ಷದಲ್ಲಿ ಮೊದಲ ಸಲ ಕಸ್ತೂರಿ ಪರದೆಯ ಕಡೆ ನೋಡದೆ ಗಾಡಿ ಓಡಿಸಿದಳು. ಮುಗಿದುಹೋಯಿತು ಎಂಬ ದುಃಖ ಎದೆಯಲ್ಲಿತ್ತು, ಆದರೂ ಆ ದುಃಖದಲ್ಲಿ ಒಂಥರಾ ಸುಖವಿತ್ತು.

ಕಾರ್ಖಾನೆಯ ಅಂಗಳದಲ್ಲಿ ಗಾಡಿ ನಿಂತದ್ದು ಸಾಹೇಬರಿಗೆ ತಿಳಿಯಲಿಲ್ಲ. ಆಕೆ ಎಬ್ಬಿಸಲಿಲ್ಲ. ಶೆಡ್ಡಿನ ಬಾಗಿಲಲ್ಲಿ ಮಂದಿ ಗುಂಪುಗೂಡಿ ನೋಡುತ್ತಿದ್ದರು, ಕೈಸನ್ನೆಯಿಂದ ಸುಮ್ಮನಿರಿ ಎಂದಳು. ಎಷ್ಟೋ ಹೊತ್ತಿನ ಮೇಲೆ ಸಾಹೇಬರು ತಾವಾಗಿ ಕಣ್ಣು ತೆರೆದರು. ಎಲ್ಲಿದ್ದೇನೆ ಎಂದು ತಿಳಿಯದೆ ಒಂದು ಗಳಿಗೆ ಸಣ್ಣ ಹುಡುಗನ ಹಾಗೆ ಸುತ್ತ ನೋಡಿದರು.

"ಎಷ್ಟ ಬಂತು?"

"ಇಪ್ಪತ್ತೆಂಟು, ಸರ್."

ಅವರು ಪರದೆಯ ಕಡೆ ನೋಡಿದರು, ಆಕೆಯ ಕಡೆ ನೋಡಿದರು.

"ನೀವು ಮಲಗಿದ್ರಿ, ಅದಕ್ಕ ಮೆತ್ತಗ ಬಂತು," ಎಂದಳು ಕಸ್ತೂರಿ. "ನಾ ಅಳಿಸಿದ್ದು ಖರೇ. ಮಂದಿ ಮತ್ತ ಕಲಿಸ್ಯಾರ. ಅಳಸ್ರಿ ಅಂದ್ರ ಮತ್ತ ಅಳಸ್ತೇನಿ, ಅವರೂ ಮತ್ತ ಕಲಿಸ್ತಾರ. ನಾ ಕಾಲು ಒತ್ತಿದ್ರ ಮೂವತ್ತು ಬರ್ತಿತ್ತು, ಒತ್ತಲಿಲ್ಲ."

"ಯಾಕ?"

"ನಿಮಗ ಎಚ್ಚರ ಆಗ್ತಿತ್ತು."

ಮೆಣಸಿನಕಾಯಿ ಸಾಹೇಬರು ನೆಟ್ಟಗೆ ಕೂತರು. ಅಂಗೈಯಿಂದ ಮುಖ ಒರೆಸಿಕೊಂಡರು. ಕೇಳಿದಾಗ ದನಿಯಲ್ಲಿ ಖಾರ ಇರಲಿಲ್ಲ.

"ನನ್ನ ನಿದ್ದಿಗೆ ಎಷ್ಟು ಪೆಟ್ರೋಲ್ ಹೋತು?"

"ಅರ್ಧ ಲೀಟರ್ ಆಗಿರಬೇಕ್ರಿ."

"ಅರ್ಧ ಲೀಟರ್," ಎಂದು ಅವರು ಆ ಮಾತನ್ನು ಬಾಯಲ್ಲಿ ಹೊರಳಿಸಿದರು. "ಸೋವಿ ಆತು, ಇಷ್ಟು ಅಗ್ಗಕ್ಕ ನಿದ್ದಿ ಎಲ್ಲಿ ಸಿಗ್ತದ? ಇಪ್ಪತ್ತೆಂಟು ಅಂತನ ಬರೀರಿ, ಸಹಿ ಮಾಡ್ತೇನಿ. ಈಗಲ್ಲ, ಆಮ್ಯಾಲ." ಅವರು ಸೀಟಿನಲ್ಲಿ ಮೈ ಚಾಚಿ ತಲೆಯನ್ನು ಮತ್ತೆ ಗಾಜಿಗೆ ಒರಗಿಸಿದರು. "ಮೊದಲ ಗಾಡಿ ತಿರುಗಿಸ್ರಿ. ಇನ್ನೊಂದು ಸುತ್ತು ಹೋಗೂಣು."